ವರ್ನಾ ಎತ್ತಿದ ಕಸ, ಬಿಟ್ಟ ಕಸ

ನಮ್ಮ ಉತ್ತರ ಮಿಷಿಗನ್‌ನ ಸರ್ಕಾರಿ ಕಾಡಿನಲ್ಲಿ ವರ್ನಾ ಹುಕ್ಕಲ ಇಪ್ಪತ್ತಾರು ವರ್ಷ ದುಡಿದಳು. ದಾರಿಗೆ ಬಿದ್ದ ಮರ ಕಡಿಯುವುದು, ಕಾಲುಸೇತುವೆಗೆ ಹಲಗೆ ಹೊಡೆಯುವುದು ಅವಳಿಗೆ ಇಷ್ಟದ ಕೆಲಸ. ಕೊನೆಯ ಎರಡು ಬೇಸಿಗೆ ಮಾತ್ರ ಅವಳ ಪಾಲಿಗೆ ಬಂದದ್ದು ಕಾಡಿನೊಳಗಿನ ಹಳೇ ತಿಪ್ಪೆಗಳನ್ನು ತೆಗೆಯುವ ಕೆಲಸ. ನಾನು ಅವಳ ಜೊತೆಗಾರ.

ಎಲ್ಲಕ್ಕಿಂತ ಹೊಲಸಾದದ್ದು ಮರ ಕೊಯ್ಯುವ ಮಿಲ್ಲಿನ ಹಿಂದಿನ ಕೊರಕಲು. ಊರವರು ತಲೆಮಾರುಗಳಿಂದ ಅಲ್ಲಿಗೇ ಸುರಿದಿದ್ದರು: ಟೈರು, ಹಾಸಿಗೆ, ಡೈಪರು, ಬೇಟೆ ಮುಗಿದ ಮೇಲೆ ಎಸೆದ ಜಿಂಕೆಯ ತೊಗಲು. ಸರಪಳಿ ಬಿಗಿದು ಒಂದು ಫ್ರೀಜರನ್ನು ಮೇಲಕ್ಕೆಳೆದಾಗ ಮುಚ್ಚಳ ಕಿತ್ತುಬಂತು. ಒಳಗಿದ್ದ ಮಾಂಸ ಕಪ್ಪು ಗಂಜಿಯಾಗಿತ್ತು. ಸೀದಾ ವರ್ನಾಳ ಬೂಟಿನೊಳಕ್ಕೆ ಇಳಿಯಿತು. ಅವಳು ಮರ ಹಿಡಿದು ವಾಂತಿ ಮಾಡಿಕೊಂಡಳು. ಬಾಯಿ ಒರೆಸಿಕೊಂಡು ಮತ್ತೆ ಸರಪಳಿಗೆ ಕೈ ಹಾಕಿದಳು.

ತಳ ಸಿಕ್ಕುವ ಹೊತ್ತಿಗೆ ಕಚೇರಿಯಿಂದ ಪುರಾತತ್ವದ ಹುಡುಗಿ ಬಂದಳು. ಕೆಳಗಿನ ಡಬ್ಬಿ, ಬಾಟಲಿಗಳಿಗೆ ಐವತ್ತು ವರ್ಷ ದಾಟಿದೆ, ಕಾನೂನಿನ ಪ್ರಕಾರ ಅವು ಚರಿತ್ರೆಗೆ ಸೇರಿದವು, ಮುಟ್ಟಬೇಡಿ ಎಂದಳು.

“ಅಂದ್ರೆ ನಮ್ಮಜ್ಜ ಬಿಸಾಕಿದ್ದು ಚರಿತ್ರೆ, ನಮ್ಮಪ್ಪ ಬಿಸಾಕಿದ್ದು ಕಸ,” ಎಂದಳು ವರ್ನಾ. “ಹೊಲಸು ಹೊಲಸೇ ಕಣಮ್ಮ.”

ಹುಡುಗಿ ನಗಲಿಲ್ಲ. ತಳದ್ದನ್ನು ಹಾಗೇ ಬಿಟ್ಟು ಮಣ್ಣು ಮುಚ್ಚಿದೆವು. ಗಾಡಿ ಬಾರದಂತೆ ದಾರಿಗೆ ಬಂಡೆ ಅಡ್ಡ ಇಟ್ಟೆವು.

ಹತ್ತೇ ದಿನಕ್ಕೆ ಬಂಡೆಯ ಪಕ್ಕ ಒಂದು ಹಸಿರು ಸೋಫಾ ಬಿದ್ದಿತ್ತು. ವರ್ನಾ ಅದನ್ನು ನೋಡುತ್ತಲೇ ಗುರುತು ಹಿಡಿದಳು. ಅವಳ ಜೊತೆ ಶಾಲೆಗೆ ಹೋದ ಅರ್ವಿಡ್ ತೊಲೊನೆನ್‌ನ ಮನೆಯದು; ಅದರ ಮೇಲೆ ಕೂತು ಎಷ್ಟೋ ಸಲ ಕಾಫಿ ಕುಡಿದಿದ್ದಳು. ಇಬ್ಬರೂ ಅದನ್ನು ಗಾಡಿಗೆ ಹೇರಿ ಅವನ ಅಂಗಳದಲ್ಲಿಳಿಸಿದೆವು.

ಅರ್ವಿಡ್ ಹೊರಗೆ ಬಂದ. “ಅಲ್ಲಿ ಮೊದಲಿಂದ್ಲೂ ಎಲ್ರೂ ಹಾಕ್ತಿದ್ದಿದ್ದೇ ಅಲ್ವೇನೇ? ಕಾಡೇನು ನಿಮ್ಮಪ್ಪಂದಾ?”

“ನಿಮ್ಮಪ್ಪಂದೂ ಅಲ್ಲ,” ಎಂದಳು ವರ್ನಾ. “ಯಾರದ್ದೋ ಕೊಳೆತ ಮಾಂಸನ ಕೈಯಾರೆ ಬಳಿದು ತೆಗ್ದಿದೀನಿ ಕಣೋ. ಇನ್ಮೇಲೆ ನಿನ್ ಮನೇಲಿ ನೀರೂ ಇಳಿಯಲ್ಲ ನಂಗೆ.”

ಅವನ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಮರುದಿನ ಅವಳೇ ಅಣ್ಣನನ್ನು ಕರೆಸಿ ಸೋಫಾವನ್ನು ಊರಿನ ಕಸದ ಕೇಂದ್ರಕ್ಕೆ ಸಾಗಿಸಿದಳಂತೆ. ಅರ್ವಿಡ್ ಮಾತ್ರ ಚರ್ಚಿನಲ್ಲಿ ವರ್ನಾಳನ್ನು ಕಂಡರೆ ಮುಖ ತಿರುಗಿಸಿಕೊಂಡು ಬೇರೆ ಬೆಂಚಿಗೆ ಹೋಗತೊಡಗಿದ. ಒಳ್ಳೆಯದೇ ಆಯ್ತು ಎಂದಳು ವರ್ನಾ.

ಎಲೆ ಉದುರುವ ಮೊದಲೇ ವರ್ನಾ ನಿವೃತ್ತಳಾದಳು. ಈಗ ಕೊರಕಲಿನ ಮೇಲೆ ಹುಲ್ಲು ಬಂದಿದೆ. ನೋಡಿಕೊಂಡು ಬರೋಣ ಎಂದು ಎರಡು ಸಲ ಕರೆದೆ. ಎರಡು ಸಲವೂ ಬೇಡವೆಂದು ತಲೆಯಾಡಿಸಿದಳು. “ಕೆಳಗೆ ನಮ್ಮಜ್ಜಂದು ಹಾಗೇ ಇದೆಯಲ್ಲ,” ಎಂದಳು.