ಶುಕ್ರವಾರದವರೆಗೆ ಯಾರೂ ಹೇಳಬಾರದಿದ್ದ ರೇಸು

ಲಿಗೋರಿ ಕಳೆದ ಶುಕ್ರವಾರ ಮಧ್ಯಾಹ್ನ ತೀರಿಕೊಂಡ. ಗಲ್ಫಿನಲ್ಲಿ, ಸಾಲ್ಮಿಯಾದ ಬಾಡಿಗೆ ಫ್ಲ್ಯಾಟಿನಲ್ಲಿ, ಆಂಬುಲೆನ್ಸ್ ಬರುವ ಮೊದಲೇ. ಹೃದಯಾಘಾತ ಎಂದರು.

ಪ್ರಾರ್ಥನೆಗೆ ಸೇರಿದವರೆಲ್ಲ ಅವನನ್ನು ಶಾಂತ ಸ್ವಭಾವದವನು ಎಂದು ಹೊಗಳಿದರು. ಅವನು ಒಳ್ಳೆಯವನು ನಿಜ, ಶಾಂತನಲ್ಲ. ಒಂದು ಸಿಟ್ಟನ್ನು ಅವನು ವರ್ಷಗಟ್ಟಲೆ ಆರಲು ಬಿಡದೆ ಸಾಕಿಕೊಂಡಿದ್ದ.

ಅವನು ಮೀನಾ ಅಬ್ದುಲ್ಲಾ ಎಂಬ ಕೈಗಾರಿಕಾ ಪ್ರದೇಶದ ಒಂದು ಕಾಂಟ್ರಾಕ್ಟ್ ಕಂಪನಿಯಲ್ಲಿ ಬಸ್ಸುಗಳ ಉಸ್ತುವಾರಿ ನೋಡುತ್ತಿದ್ದ. ಅವನ ಹುಚ್ಚೆಂದರೆ ಅಮೆರಿಕದ ಸ್ಟಾಕ್ ಕಾರ್ ರೇಸು. ಆ ದಪ್ಪ ಕಾರುಗಳು ಸಾಮಾನ್ಯವಾಗಿ ಗಾಣದೆತ್ತಿನಂತೆ ಒಂದೇ ಕಡೆ ತಿರುಗುತ್ತಿರುತ್ತವೆ. ವರ್ಷಕ್ಕೆ ಕೆಲವೇ ಸಲ ಮಾತ್ರ ಅವನ್ನು ಎಡಬಲ ತಿರುವುಗಳ, ಏರಿಳಿತದ ರಸ್ತೆಗೆ ಇಳಿಸುತ್ತಾರೆ. ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಓಡಿಸಿದವನ ಮಗನಾದ ಲಿಗೋರಿಗೆ ರೇಸೆಂದರೆ ಅದೇ.

ಅಲ್ಲಿಯ ಭಾನುವಾರದ ರೇಸು ಇಲ್ಲಿ ನಡುರಾತ್ರಿ ದಾಟುತ್ತದೆ, ಬೆಳಗಾದರೆ ಕೆಲಸ. ಅದಕ್ಕೇ ರೆಕಾರ್ಡ್ ಮಾಡಿಟ್ಟು, ರಜೆಯ ದಿನವಾದ ಶುಕ್ರವಾರ ಚರ್ಚಿನ ಪೂಜೆ ಮುಗಿಸಿ ಬಂದು, ಹೆಂಡತಿ ರೆಜಿನಾಳ ಜೊತೆ ಕೂತು ನೋಡುತ್ತಿದ್ದ. ಅಲ್ಲಿಯವರೆಗೆ ಫೋನಿನಲ್ಲಿ ಸುದ್ದಿ ತೆರೆಯುತ್ತಿರಲಿಲ್ಲ. ಫಲಿತಾಂಶವನ್ನು ಯಾರೂ ಹೇಳಕೂಡದು ಎಂದು ಆಫೀಸಿಗೆಲ್ಲ ತಾಕೀತು ಮಾಡಿದ್ದ.

ಅದನ್ನು ಮುರಿದವನು ಧನಂಜಯ್. ಮಂಡ್ಯದ ಕಡೆಯ ಎಲೆಕ್ಟ್ರಿಕಲ್ ಎಂಜಿನಿಯರ್, ಅದೇ ಕಟ್ಟಡದ ಬಾಡಿಗೆದಾರ, ದಿನವೂ ಲಿಗೋರಿಯ ಕಾರಿನಲ್ಲೇ ಕೆಲಸಕ್ಕೆ ಬರುತ್ತಿದ್ದವನು. ಒಂದು ಮಂಗಳವಾರ ಊಟದ ಹೊತ್ತಿನಲ್ಲಿ, ಎಲ್ಲರೆದುರು ತಮಾಷೆಗೆಂದು ಹೇಳಿಬಿಟ್ಟ:

"ಏನ್ ಲಿಗೋರಿಯವ್ರೇ, ನಿಮ್ ಮುದುಕ ಡ್ರೈವರ್ ಗೆದ್ಬುಟ್ನಂತೆ? ಮುಂದಿದ್ದೋರಿಬ್ರೂ ಕೊನೇ ತಿರುವ್ನಲ್ಲಿ ಗುದ್ದಾಡ್ಕಂಡು ರಸ್ತೆ ಬಿಟ್ಟು ಜಲ್ಲಿಗೋದ್ರಂತೆ."

ಸುತ್ತ ಕೂತವರು ನಕ್ಕರು. ಲಿಗೋರಿ ಡಬ್ಬಿ ಮುಚ್ಚಿದ.

"ಮೂರು ದಿನ ಬಾಯಿ ಮುಚ್ಚಿ ಕೂರ್ಲಿಕ್ಕೆ ಆಗ್ಲಿಲ್ವಾ ಮಾರಾಯ್ರೆ ನಿಮ್ಗೆ?"

"ಅಯ್ಯೋ, ಮುಗ್ದೋಗಿರೋ ರೇಸಿಗೆ ಯಾಕ್ರೀ ಇಷ್ಟೊಂದು?"

ಆ ಶುಕ್ರವಾರ ಲಿಗೋರಿ ನೋಡಿದ್ದು ಅವನ ಆಯುಷ್ಯದಲ್ಲೇ ದೊಡ್ಡ ರೇಸು. ಟ್ರ್ಯಾಕಿನ ಒಂದು ತುದಿಯಲ್ಲಿ ಮಳೆ, ಇನ್ನೊಂದು ತುದಿಯಲ್ಲಿ ಬಿಸಿಲು. ಇವನ ಮುದುಕ, ನಲವತ್ತೈದು ದಾಟಿದ ಚಾಲಕ, ಎಲ್ಲರೂ ಮಳೆಯ ಟೈರಿಗೆ ಬದಲಾಯಿಸಿದಾಗ ಒಣ ಟೈರಿನಲ್ಲೇ ಜಾರುತ್ತಾ ಉಳಿದ. ಮುಂಭಾಗ ಕಿತ್ತುಹೋಗಿ ತಗಡು ರಸ್ತೆಗೆ ಉಜ್ಜುತ್ತಿತ್ತು. ಕೊನೆಯ ತಿರುವಿನಲ್ಲಿ ಮುಂದಿನ ಇಬ್ಬರೂ ಬ್ರೇಕ್ ಹಾಕದೆ ಹಟ ಹಿಡಿದು ಒಬ್ಬರನ್ನೊಬ್ಬರು ಹೊರದಬ್ಬಿದರು. ಆ ಹೊಗೆಯ ನಡುವಿನಿಂದ ಮುದುಕ ಅಡ್ಡಡ್ಡವಾಗಿ ಜಾರಿಕೊಂಡೇ ಗೆರೆ ದಾಟಿದ. ಫಲಿತಾಂಶ ತಿಳಿದಿರದ ರೆಜಿನಾ ಸೋಫಾದಿಂದ ಎದ್ದು ನಿಂತು ಅತ್ತಳು. ಲಿಗೋರಿ ಹೆಂಡತಿಯ ಮುಖವನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಾ ಕೂತಿದ್ದ.

ಮರುದಿನದಿಂದ ಧನಂಜಯ್‌ಗೆ ಅವನ ಕಾರಿನಲ್ಲಿ ಜಾಗವಿಲ್ಲ. ಆಗಸ್ಟ್ ತಿಂಗಳ ಉರಿಯಲ್ಲಿ ಬಸ್‌ಸ್ಟಾಪಿನಲ್ಲಿ ನಿಂತವನ ಎದುರಿಗೇ ಏಸಿ ಹಾಕಿಕೊಂಡು ಹೋಗುತ್ತಿದ್ದ. ಮಗಳು ಡೆಲ್ಮಾಳ ಮದುವೆಗೆ ಕಟ್ಟಡದ ಎಲ್ಲರಿಗೂ ಕರೆ ಹೋಯಿತು, ಆ ಒಂದು ಮನೆ ಬಿಟ್ಟು. ಧನಂಜಯ್ ಎರಡು ಸಲ ಕ್ಷಮೆ ಕೇಳಿದ. ಮೂರನೆಯ ಸಲ ಅವನಿಗೂ ರೋಷ ಬಂತು; ಒಂದು ಯಂತ್ರದ ಓಟಕ್ಕೆ ಮನುಷ್ಯನನ್ನು ಬಿಡುವವನ ಜೊತೆ ತನಗೇನು ಎಂದು ಲಿಫ್ಟಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ. ಆ ರೇಸಿನ ಕಥೆಯನ್ನು ಲಿಗೋರಿ ನೂರು ಸಲ ಹೇಳಿರಬೇಕು. ಗೆರೆ ದಾಟುವಲ್ಲಿಗೆ ಬಂದಾಗಲೆಲ್ಲ ಅದು ಬೈಗುಳಕ್ಕೆ ತಿರುಗುತ್ತಿತ್ತು.

ಅಂಥ ಇನ್ನೊಂದು ರೇಸನ್ನು ಏನೂ ತಿಳಿಯದೆ ನೋಡಬೇಕೆಂಬುದೊಂದೇ ಆಮೇಲೆ ಅವನ ಆಸೆ. ಆದರೆ ಸೋಮವಾರದಿಂದಲೇ ಯಾರ ಮುಖ ಕಂಡರೂ, ಇವನಿಗೆ ಗೊತ್ತಿದೆ ಎಂಬ ಅನುಮಾನ. ನಮ್ಮಂಥ ಗೆಳೆಯರೂ ಗುರುವಾರದವರೆಗೆ ಅವನೆದುರು ಸುಳಿಯುತ್ತಿರಲಿಲ್ಲ.

ಅವನು ತೀರಿಕೊಂಡ ಕಳೆದ ಶುಕ್ರವಾರವೂ ರಸ್ತೆಯ ರೇಸೇ. ಕೊನೆಯ ಸುತ್ತುಗಳು, ಮೂರು ಕಾರು ಒಂದರ ಬಾಲಕ್ಕೊಂದು ಅಂಟಿಕೊಂಡಿದ್ದವು. ಆಗ ಧನಂಜಯ್ ಬೆಲ್ ಒತ್ತಿದ. ಇಲ್ಲಿಯ ವಾಸದ ಪರವಾನಗಿ, ಇಕಾಮಾ, ರದ್ದು ಮಾಡಿಸಿ ಊರಿಗೆ ಹೊರಟಿದ್ದ, ಹೇಳಿಹೋಗಲು ಬಂದಿದ್ದ. ರೆಜಿನಾ ಒಳಗೆ ಕರೆದು ಕೂರಿಸಿ, ಚಹಾಕ್ಕೆಂದು ಅಡುಗೆಮನೆಗೆ ಹೋದಳು. ಈ ರೇಸಿನ ಬಗ್ಗೆ ತನಗೇನೂ ಗೊತ್ತಿಲ್ಲ ಎಂದು ಧನಂಜಯ್ ಮಕ್ಕಳ ಮೇಲೆ ಆಣೆ ಇಟ್ಟ. ಲಿಗೋರಿ ಟೀವಿಯನ್ನು ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದ. ಧನಂಜಯ್ ಸಣ್ಣಗೆ ನಕ್ಕ.

"ನೆಗಾಡಿದ್ದು ಯಾಕೆ?"

"ಸುಮ್ನೆ ಕಣ್ರೀ. ನೀವು ನೋಡೋದ್ನ ನೋಡಿ ನಗು ಬಂತು."

"ಖಲಾಸ್. ಎದ್ದು ಹೋಗಿ."

"ಬುಧವಾರ ಹೊರಡ್ತಾ ಇದೀನಿ, ಲಿಗೋರಿಯವ್ರೇ. ಮತ್ತೆ ಬರಲ್ಲ."

"ಹೋಗಿ ಅಂದೆ."

ಧನಂಜಯ್ ಹೋದ. ಲಿಗೋರಿ ಬಾಗಿಲಿಗೆ ಚಿಲಕ ಹಾಕಿ ಬಂದು ಕೂತ. ಆ ನಗು ಬರುವುದಕ್ಕಿಂತ ಒಂದು ಸುತ್ತು ಹಿಂದಕ್ಕೆ ರೇಸನ್ನು ತಿರುಗಿಸಿ, ಅಲ್ಲಿಂದ ಮತ್ತೆ ಹಾಕಿದ.