ನಕಾಶೆಯೊಳಗಿನ ಬಾವಿ

ಅಪ್ಪನ ಟ್ರಂಕಿನ ತಳದಲ್ಲಿ ಬಟ್ಟೆಗೆ ಅಂಟಿಸಿದ ಹಳೆಯ ನಕಾಶೆ ಸಿಕ್ಕಿತು. ಬಿಚ್ಚಿದೊಡನೆ ಒಣಬೇವಿನ ವಾಸನೆ ಮೂಗಿಗೆ ಬಡಿಯಿತು. ಅದರ ಜೊತೆಗೇ ಖಾಲಾ ನೆನಪಾದಳು. ಭಾಲ್ಕಿಯ ನಮ್ಮ ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿದ ಮುಸ್ಲಿಮರ ಮನೆಯವಳು, ಚಿಕ್ಕಮ್ಮ ಎನ್ನುವಂತೆ ನಾನು ಖಾಲಾ ಎನ್ನುತ್ತಿದ್ದೆ.

ಅವಳ ಗಂಡ ಜಮೀನು ಅಳೆಯುವ ಕೆಲಸದಲ್ಲಿದ್ದರು, ಅಪ್ಪನ ಗೆಳೆಯರು. ಅವರ ಅಂಗಳದಲ್ಲಿ ಕೆಂಪು ಕಲ್ಲಿನ ಬಾವಿ. ಓಣಿಯ ಉಳಿದ ಬಾವಿಗಳೆಲ್ಲ ಸವಳು, ಇದೊಂದೇ ಸಿಹಿ. ನಾನು ನೀರು ಸೇದಲು ಬಗ್ಗಿದಾಗಲೆಲ್ಲ ಖಾಲಾ ಹಿಂದಿನಿಂದ ನನ್ನ ಲಂಗ ಬಿಗಿಯಾಗಿ ಹಿಡಿದು ನಿಲ್ಲುತ್ತಿದ್ದಳು. "ಬಿದ್ದರ ನಿಮ್ಮವ್ವಗ ನಾ ಏನ್ ಹೇಳ್ಲಿ?" ಎಂದು ಗದರುತ್ತಿದ್ದಳು.

ನಿಜಾಮನ ರಾಜ್ಯಕ್ಕೆ ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆಯಿತು, ಮುಸ್ಲಿಮರ ಮೇಲೆ ಗಲಭೆ ಎದ್ದಿತು. ಆ ವಾರ ಮನೆಯಿಂದ ಹೊರಬಿದ್ದ ಅವಳ ಗಂಡ ಮರಳಲೇ ಇಲ್ಲ... ಅವಳು ಔರಾದ ಕಡೆ, ಎಕಂಬಾದ ತವರಿಗೆ ಓಡಿದಳು. ವರ್ಷ ತುಂಬುವುದರೊಳಗೆ ಅಪ್ಪ ಗೋಡೆ ಸರಿಸಿ ಕಟ್ಟಿಸಿದ. ಬಾವಿ ನಮ್ಮ ಅಂಗಳಕ್ಕೆ ಬಂತು. ಓಣಿಯಲ್ಲಿ ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ಮುಂದೊಂದು ದಿನ ಖಾಲಾ ಈ ನಕಾಶೆ ಹಿಡಿದು ಬಂದಳು. ಬಾವಿ ಮರಳಿ ಪಡೆಯಲು, ಇದನ್ನು ಓದಿ ಹೌದೆನ್ನುವ ಓಣಿಯ ಹಿರಿಯರೊಬ್ಬರ ಮಾತು ಕಚೇರಿಗೆ ಬೇಕಿತ್ತಂತೆ.

"ಬಾವಿ ಯಾರ ಅಂಗಳದಾಗ ಅದ, ಅಷ್ಟ ಓದಿ ಹೇಳ್ರಿ ಭಾಯಿ."

ಅಪ್ಪ ಹಾಳೆಯತ್ತ ಸರಿಯಾಗಿ ನೋಡಲೂ ಇಲ್ಲ. "ಈ ಅಕ್ಷರ ನನಗ ಓದ್ಲಾಕ ಬರಲ್ಲ ಭಾಬಿ" ಎಂದ.

ಉರ್ದು ಸಾಲೆಯಲ್ಲಿ ಕಲಿತವನು, ಉರ್ದು ಪತ್ರಿಕೆ ಓದದೆ ಬೆಳಗಿನ ಚಹಾ ಮುಟ್ಟದವನು! ಅವಳ ಕೈಯ ಊಟ ಉಂಡು ಅವಳ ಮನೆಯ ಜಂತಿಯನ್ನೇ ಎಣಿಸಿದ. ನನಗೆ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು. ಇಬ್ಬರೂ ಬಾಯಿ ಹೊಲಿದುಕೊಂಡು ಕೂತೆವು. ಆ ನಾಚಿಕೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಖಾಲಾ ಅಳಲಿಲ್ಲ, ಬೈಯಲೂ ಇಲ್ಲ. ನಕಾಶೆಯನ್ನು ಬಾವಿಕಟ್ಟೆಯ ಮೇಲಿಟ್ಟಳು. "ನಿಮ್ಮ ಹತ್ರನ ಇರ್ಲಿ ಭಾಯಿ. ಓದ್ಲಾಕ ಬಂದಾಗ ಓದ್ರಿ" ಎಂದು ಹೊರಟಳು. ಆಮೇಲೆ ಅವಳನ್ನು ಕಾಣಲಿಲ್ಲ. ಎಕಂಬಾದಲ್ಲೇ ತೀರಿಕೊಂಡಳೆಂಬ ಸುದ್ದಿ ಬಂದ ದಿನ ಅಪ್ಪ ಪತ್ರಿಕೆ ಮುಟ್ಟಲಿಲ್ಲ. ಅಷ್ಟೇ...

ಮೊನ್ನೆ ಈ ನಕಾಶೆಯನ್ನು ಬೀದರಿನ ನಿವೃತ್ತ ಉರ್ದು ಮಾಸ್ತರರೊಬ್ಬರ ಬಳಿ ಒಯ್ದೆ. ಬೆರಳಿಟ್ಟು ಓದಿದರು. ಇದು ಓಣಿ, ಇದು ಗೋಡೆ, ಇದು ಬಾವಿ. ಬಾವಿಯ ಪಕ್ಕ ಖಾಲಾಳ ಗಂಡನ ಹೆಸರು. ಕೆಳಮೂಲೆಯಲ್ಲಿ ಸಾಕ್ಷಿಯ ಸಹಿ. ಅದನ್ನು ಬಿಡಿಸಿ ಬಿಡಿಸಿ ಓದಿದರು. ಅಪ್ಪನ ಹೆಸರು.

"ಅಕ್ಷರ ಭಾಳ ಛಲೋ ಅವ ನೋಡ್ರಿ. ಇವರು ಯಾರು, ಗೊತ್ತೇನ್ರಿ?"

ಆ ಬಾವಿಯ ನೀರು ಕುಡಿದೇ ಬೆಳೆದ ಗಂಟಲು ನನ್ನದು.

"ಗೊತ್ತಿಲ್ರಿ" ಎಂದೆ.

ಅಪ್ಪನ ಸುಳ್ಳಿನ ಬಾವಿಗೆ ನಾನೂ ಬಿದ್ದೇಬಿಟ್ಟೆ. ಹಿಂದಿನಿಂದ ಹಿಡಿದುಕೊಳ್ಳಲು ಖಾಲಾ ಇರಲಿಲ್ಲ.