ಯಜಮಾನನನ್ನೇ ಕಳ್ಳನೆಂದ ಬೈಕು

ಕಳೆದ ಸೋಮವಾರ ಬೆಳಿಗ್ಗೆ ಕೊಚ್ಚಿಯ ಪಾಲಾರಿವಟ್ಟಂ ಸಿಗ್ನಲ್ಲಿನಲ್ಲಿ ನಮ್ಮ ಮನೆಯವರ ಮೇಲೆ ಬೈಕ್ ಕಳ್ಳತನದ ಆರೋಪ ಬಂತು. ಕದ್ದದ್ದು ಅವರದೇ ಬೈಕನ್ನು. ಆರೋಪ ಮಾಡಿದ್ದೂ ಅದೇ ಬೈಕು. ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು, ತೊಡೆಯ ಮೇಲೆ ಸರ್ಟಿಫಿಕೇಟುಗಳ ಫೈಲ್ ಇಟ್ಟುಕೊಂಡು ಹಿಂದೆ ಕೂತಿದ್ದ ನಾನು ಕಳ್ಳನ ಜೊತೆಗಾತಿ.

ನಗಬೇಡಿ. ನನಗೆ ಹತ್ತು ಗಂಟೆಗೆ ಇಂಟರ್‌ವ್ಯೂ ಇತ್ತು.

ಮದುವೆಗೆ ಮುಂಚೆ ನಾನು ಪುತ್ತೂರಿನಲ್ಲಿ ಗಣಿತದ ಟೀಚರ್. ಮದುವೆಯಾದದ್ದು ಬ್ಯಾಂಕಿನವರನ್ನು, ಅಂದರೆ ಟ್ರಾನ್ಸ್‌ಫರನ್ನು. ತಿರುವನಂತಪುರದಲ್ಲಿ ಒಂದು ಶಾಲೆಯವರು ಇನ್ನೇನು ಕರೆಯಬೇಕು ಎನ್ನುವಾಗ ಇವರಿಗೆ ಕೊಚ್ಚಿಗೆ ವರ್ಗವಾಯಿತು. ಈಗ ಕಲೂರಿನ ಶಾಲೆಯೊಂದು ಕರೆದಿತ್ತು. ಇದೂ ತಪ್ಪಿದರೆ ಮುಂದೆ ಯಾರೂ ಕರೆಯಲಾರರು ಎಂಬ ಹೆದರಿಕೆ ನನಗಿತ್ತು. ಇಷ್ಟು ವರ್ಷ ಮನೆಯಲ್ಲೇ ಇದ್ದವಳಿಗೆ ಯಾರು ತಾನೇ ಕ್ಲಾಸ್ ಕೊಡುತ್ತಾರೆ? ಆಟೋದಲ್ಲಿ ಹೋಗುತ್ತೇನೆ ಎಂದೆ. ಇವರು ಕೇಳಲಿಲ್ಲ. ಬೈಕಿಗೆ ಹೊಸ ಅಲಾರ್ಮ್ ಬಂದಿತ್ತಲ್ಲ, ಅದರ ಉದ್ಘಾಟನೆ ಆಗಬೇಕಿತ್ತು.

ಆಫೀಸಿನ ಯಾರದೋ ಬೈಕ್ ಕಳುವಾದ ಮೇಲೆ ಇವರಿಗೆ ನಿದ್ದೆ ಬಂದಿರಲಿಲ್ಲ. ಶನಿವಾರ ನಮ್ಮ ಗಲ್ಲಿಯ ತುದಿಯ ಅಂಗಡಿಯಲ್ಲಿ ಅಲಾರ್ಮ್ ಹಾಕಿಸಿಕೊಂಡು ಬಂದರು. ಭಾನುವಾರ ಇಡೀ ದಿನ ಬಾಲ್ಕನಿಯಲ್ಲಿ ನಿಂತು ರಿಮೋಟ್ ಒತ್ತಿದ್ದೇ ಒತ್ತಿದ್ದು. ಕೆಳಗೆ ಬೈಕು ಟುಯ್ಯ್ ಎನ್ನುವುದು, ಮೇಲೆ ಇವರು ಹಿಗ್ಗುವುದು. (ಮದುವೆಯಾದ ಹೊಸದರಲ್ಲಿ ನಾನು ಕರೆದರೆ ಇವರೂ ಹೀಗೆಯೇ ತಕ್ಷಣ ಉತ್ತರ ಕೊಡುತ್ತಿದ್ದರು.) ಪಕ್ಕದ ಮನೆಯ ಬೆಕ್ಕು ಬೈಕಿನ ಸೀಟಿನ ಮೇಲೆ ಮಲಗುವುದನ್ನೇ ಬಿಟ್ಟಿತು.

ಕೀಲಿ ಮತ್ತು ರಿಮೋಟ್ ಒಂದೇ ಗೊಂಚಲಿನಲ್ಲಿ ಇರಬಾರದು ಎಂದು ಇವರ ವಾದ. ಎರಡೂ ಒಟ್ಟಿಗೆ ಕಳೆದುಹೋದರೆ ಕಳ್ಳನಿಗೆ ಸುಲಭವಂತೆ. ಹಾಗಾಗಿ ಸೋಮವಾರ ಬಾಲ್ಕನಿಯಿಂದಲೇ ಅಲಾರ್ಮ್ ಬಿಡಿಸಿ, ರಿಮೋಟನ್ನು ಕ್ಯಾಲೆಂಡರಿನ ಪಕ್ಕದ ಮೊಳೆಗೆ ನೇತುಹಾಕಿ, ಕೀಲಿ ಮಾತ್ರ ಹಿಡಿದು ಕೆಳಗಿಳಿದರು. ಅವತ್ತು ರಜೆ ಹಾಕಿದ್ದರು, ನನ್ನನ್ನು ಬಿಟ್ಟು ವಾಪಸ್ ಮನೆಗೇ ಬರುವವರು ತಾನೇ? ಲೆಕ್ಕವೇನೋ ಸರಿಯಾಗಿಯೇ ಇತ್ತು.

ಇನ್ನು ಕಿಲ್ ಸ್ವಿಚ್ಚಿನ ವಿಷಯಕ್ಕೆ ಬರುತ್ತೇನೆ. ಬೈಕಿನ ಹ್ಯಾಂಡಲ್ಲಿನಲ್ಲಿ, ಬಲಗೈ ಹೆಬ್ಬೆರಳಿನ ಹತ್ತಿರ ಒಂದು ಕೆಂಪು ಗುಂಡಿ ಇರುತ್ತದೆ. ಅದನ್ನು ತಳ್ಳಿದರೆ ಕೀಲಿ ಮುಟ್ಟದೆಯೇ ಇಂಜಿನ್ ನಿಲ್ಲುತ್ತದೆ. ಲೈಟು, ಹಾರ್ನ್ ಎಲ್ಲ ಬದುಕಿರುತ್ತವೆ, ಇಂಜಿನ್ ಮಾತ್ರ ಸುಮ್ಮನಾಗುತ್ತದೆ. ಬೈಕ್ ಬಿದ್ದರೆ, ಆಕ್ಸಿಲರೇಟರ್ ಸಿಕ್ಕಿಹಾಕಿಕೊಂಡರೆ ಬೇಕಾಗುತ್ತದೆ ಎಂದು ಕಂಪನಿಯವರು ಕೊಟ್ಟದ್ದು. ನಮ್ಮ ಮನೆಯಲ್ಲಿ ಅದು ಉಳಿತಾಯ ಖಾತೆ.

ಈ ಚಟ ಹತ್ತಿದ್ದು ತಿರುವನಂತಪುರದಲ್ಲಿ. ನಮ್ಮ ಪಕ್ಕದ ಮನೆಯಲ್ಲಿ ಮೈಸೂರಿನವರೊಬ್ಬರಿದ್ದರು. ತುಂಬಾ ಎಂಬಲ್ಲಿನ ರಾಕೆಟ್ ಕೇಂದ್ರದಲ್ಲಿ ಕೆಲಸ. ಆ ಊರಿನ ಇಳಿಜಾರು ಕಂಡಲ್ಲೆಲ್ಲ ಅವರು ಕೆಂಪು ಗುಂಡಿ ತಳ್ಳಿ, ಇಂಜಿನ್ ಇಲ್ಲದೆಯೇ ಜಾರಿಕೊಂಡು ಮನೆ ಸೇರುತ್ತಿದ್ದರು. ರಾಕೆಟ್ ಹಾರಿಸುವವರೇ ಪೆಟ್ರೋಲ್ ಉಳಿಸುವಾಗ ನಾವ್ಯಾರು ಎಂದು ನಮ್ಮವರೂ ಶುರುಮಾಡಿದರು. ಕೊಚ್ಚಿಗೆ ಬಂದರೆ ಇಲ್ಲಿ ಇಳಿಜಾರೇ ಇಲ್ಲ! ಇವರೇನೂ ಸೋಲಲಿಲ್ಲ. ಚಟವನ್ನು ಸಿಗ್ನಲ್ಲುಗಳಿಗೆ ವರ್ಗಾಯಿಸಿಕೊಂಡರು.

ಪಾಲಾರಿವಟ್ಟಂ ಸಿಗ್ನಲ್ ನಿಮಗೆ ಗೊತ್ತಲ್ಲ, ಒಮ್ಮೆ ಕೆಂಪಾದರೆ ಕಾಫಿ ಕುಡಿದು ಲೋಟ ತೊಳೆದಿಡಬಹುದು. ಇವರು ಗುಂಡಿ ತಳ್ಳಿ, ಕೈಕಟ್ಟಿ ಕೂತರು. ಸ್ವಲ್ಪ ಹೊತ್ತಿಗೆ ಎಲ್ಲೋ ಹತ್ತಿರದಲ್ಲೇ ಟುಯ್ಯ್ ಎಂದಿತು. ನನಗೆ ಕೇಳಿಸಿತು. ಬೇರೆ ಯಾರದೋ ಇರಬೇಕು ಎಂದುಕೊಂಡೆ. ಹಸಿರು ಬಂತು. ಇವರು ಗುಂಡಿಯನ್ನು ಹಿಂದಕ್ಕೆ ತಳ್ಳಿ ಸ್ಟಾರ್ಟರ್ ಒತ್ತಿದರು.

ಅಷ್ಟೇ. ಆ್ಯಂಬುಲೆನ್ಸ್, ಪೊಲೀಸ್ ಜೀಪು, ಮಗು, ಮೂರೂ ಒಟ್ಟಿಗೆ ಕಿರುಚಿಕೊಂಡ ಹಾಗೆ ಬೈಕು ಅರಚತೊಡಗಿತು. ಇಂಡಿಕೇಟರುಗಳೆಲ್ಲ ಕಣ್ಣು ಮಿಟುಕಿಸಿದವು. ಇಂಜಿನ್ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಇವರು ಕಿಲ್ ಸ್ವಿಚ್ ಒತ್ತಿದರು, ಅರಚಾಟ ನಿಲ್ಲಲಿಲ್ಲ. ಕೀಲಿಯನ್ನೇ ಕಿತ್ತರು, ಆಗಲೂ ನಿಲ್ಲಲಿಲ್ಲ. ಹಿಂದಿನ ಬಸ್ಸಿನವನು ತನ್ನ ಹಾರ್ನನ್ನೂ ಸೇರಿಸಿದ. ಪಕ್ಕದ ಸ್ಕೂಟರಿನವರು ನಮ್ಮ ಕರ್ನಾಟಕದ ನಂಬರ್ ಪ್ಲೇಟು ನೋಡಿದರು, ಆಮೇಲೆ ಇವರ ಮುಖ ನೋಡಿದರು.

ತಳ್ಳಿಕೊಂಡು ಪಕ್ಕಕ್ಕೆ ಬಂದೆವು. ಬೈಕು ಉಸಿರು ತೆಗೆದುಕೊಳ್ಳಲು ಸುಮ್ಮನಾಗುವುದು, ಸ್ವಲ್ಪ ಅಲುಗಿದರೆ ಮತ್ತೆ ಹಾಡುವುದು. ಇವರು ಹಣೆ ಒರೆಸಿಕೊಂಡು ಆಟೋ ನಿಲ್ಲಿಸಿದರು. ನನಗೆ ಸಮಾಧಾನವಾಯಿತು. ಫೈಲ್ ಹಿಡಿದು ಹತ್ತಲು ಹೋದೆ. ಅಷ್ಟರಲ್ಲಿ ಇವರೇ ಹತ್ತಿ ಕೂತಾಗಿತ್ತು.

"ಸುಮಾ, ನೀನು ಬೈಕ್ ಹಿಡ್ಕೊಂಡು ನಿಲ್ಲು. ನಾನು ರಿಮೋಟ್ ತರ್ತೇನೆ. ಅಲುಗಾಡ್ಬೇಡ ಮಾತ್ರ."

ಆಟೋ ಹೋಯಿತು. ಇಂಟರ್‌ವ್ಯೂ ನನ್ನದು, ಆಟೋ ಇವರದು, ಬೈಕು ನನ್ನ ಕೈಯಲ್ಲಿ. ಅಳು ಬಂತು, ಸುಳ್ಳು ಯಾಕೆ ಹೇಳಲಿ? ಅತ್ತರೂ ಅಲುಗಾಡಬಾರದಲ್ಲ ಎಂದು ನೆನಪಾಗಿ ಸಿಟ್ಟು ಬಂತು.

ಟ್ರಾಫಿಕ್ ಪೊಲೀಸ್ ಬಂದರು. ಸುತ್ತ ನಾಲ್ಕು ಜನ ಸೇರಿದರು. "ವಂಡಿ ಆರುಡೆಯಾ?" ಎಂದು ಪೊಲೀಸರು ಕೇಳಿದರು, ಗಾಡಿ ಯಾರದ್ದು ಅಂತ.

ಈಗ ನಿಮಗೆ ಒಂದು ವಿಷಯ ಹೇಳಬೇಕು. ಕೇರಳಕ್ಕೆ ಬಂದಲ್ಲಿಂದ ನಾನು ಹೊರಗೆ ಮಲಯಾಳಂ ಮಾತಾಡಿದವಳಲ್ಲ. ಅರ್ಥವಾಗುತ್ತಿತ್ತು. ಮನೆಯಲ್ಲಿ ಟಿವಿ ಧಾರಾವಾಹಿಗೆ ನಾನೇ ಉತ್ತರ ಕೊಡುತ್ತಿದ್ದೆ. ಆದರೆ ತರಕಾರಿಯವಳಿರಲಿ, ಮನೆ ಓನರ್ ಇರಲಿ, ನನ್ನನ್ನು ಏನು ಕೇಳಿದರೂ ಇವರು ಮುಂದೆ ಬಂದು ಹೇಳಿಬಿಡುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಮುಗುಳ್ನಗುವ ಡ್ಯೂಟಿ. ಅವತ್ತು ಪಕ್ಕದಲ್ಲಿ ಯಾರೂ ಇರಲಿಲ್ಲ.

"ಭರ್ತಾವಿಂಡೆಯಾ, ಸಾರೇ. ಕಳ್ಳನಲ್ಲ."

ಗಂಡನದ್ದು ಎಂದದ್ದೇ ತಡ, ಉಳಿದದ್ದೆಲ್ಲ ತಾನಾಗಿ ಬಂತು. ಶನಿವಾರದ ಅಲಾರ್ಮು, ಮೊಳೆಯ ಮೇಲಿನ ರಿಮೋಟು, ಹತ್ತು ಗಂಟೆಯ ಇಂಟರ್‌ವ್ಯೂ. ವ್ಯಾಕರಣ ಹೇಗಿತ್ತೋ ದೇವರಿಗೇ ಗೊತ್ತು. ಪೊಲೀಸರು ಪೂರ್ತಿ ಕೇಳಿ, ಬೈಕಿನ ಹ್ಯಾಂಡಲ್ ತಾವು ಹಿಡಿದುಕೊಂಡರು. "ಚೇಚಿ ಪೊಯ್ಕ್ಕೋ," ಎಂದರು. ಅಕ್ಕಾ, ನೀವು ಹೊರಡಿ, ಇದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಅವರೇ ಒಂದು ಆಟೋ ನಿಲ್ಲಿಸಿಕೊಟ್ಟರು. ನಾನು ಹಿಂದೆ ತಿರುಗಿಯೂ ನೋಡಲಿಲ್ಲ.

ಶಾಲೆಯಲ್ಲಿ ಪ್ರಿನ್ಸಿಪಾಲರು, ನೀವು ಹೊರಗಿನವರು, ಇಲ್ಲಿನ ಪೇರೆಂಟ್ಸ್ ಜೊತೆ ಹೇಗೆ ಮಾತಾಡುತ್ತೀರಿ ಎಂದು ಕೇಳಿದರು. ಬಾಯಿ ಆಗಲೇ ಬಿಸಿಯಾಗಿತ್ತು. ಪಾಲಾರಿವಟ್ಟಂ ಸಿಗ್ನಲ್ಲಿನ ಕಥೆಯನ್ನು ಮಲಯಾಳಂನಲ್ಲೇ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಜೂನ್‌ನಿಂದ ಎಂಟನೇ ಕ್ಲಾಸಿನ ಗಣಿತ ನನ್ನದು. ಎಷ್ಟು ಖುಷಿಯಾಯಿತೆಂದರೆ ವಾಪಸಾಗುವಾಗ ಆಟೋದವನ ಹತ್ತಿರ ಬೇಕೆಂದೇ ಚೌಕಾಸಿ ಮಾಡಿದೆ.

ಅತ್ತ ಇವರು ರಿಮೋಟ್ ಹಿಡಿದು ಓಡಿ ಬಂದರೆ, ಹೆಂಡತಿ ನಾಪತ್ತೆ, ಬೈಕು ಪೊಲೀಸರ ಕೈಯಲ್ಲಿ! ದೂರದಿಂದಲೇ ರಿಮೋಟ್ ಒತ್ತಿದರಂತೆ. ಬೈಕು ಟುಯ್ಯ್ ಎಂದು ಯಜಮಾನನನ್ನು ಒಪ್ಪಿಕೊಂಡಿತಂತೆ. ಪೊಲೀಸರು ಕೈಬಿಟ್ಟದ್ದು ಆಮೇಲೆ.

ಸಂಜೆ ಇವರು ಚಹಾದ ಜೊತೆ ಪತ್ತೇದಾರಿ ವರದಿ ಒಪ್ಪಿಸಿದರು. ಪೂರ್ತಿ ಬ್ಯಾಂಕಿನ ಭಾಷೆಯಲ್ಲಿ. "ಕೀಲಿ ಅಂದ್ರೆ ಮೈನ್ ಗೇಟು. ಕಿಲ್ ಸ್ವಿಚ್ ಅಂದ್ರೆ ಕ್ಯಾಶ್ ಕೌಂಟರ್. ಅಲಾರ್ಮು ವಾಚ್‌ಮನ್. ಅವ ಗೇಟಿನ ಹತ್ರ ಕೂತ್ಕೊಳ್ಬೇಕಿತ್ತು. ಅಂಗಡಿಯವ ಕೌಂಟರಿನ ಹಿಂದೆ ಕೂರಿಸಿದ್ದಾನೆ."

ಅಂದರೆ ಕೀಲಿಯಿಂದ ಬರುವ ಕರೆಂಟನ್ನು ನೋಡಬೇಕಾದ ವೈರನ್ನು ಅಂಗಡಿಯವನು ಕಿಲ್ ಸ್ವಿಚ್ ದಾಟಿದ ಮೇಲೆ ಜೋಡಿಸಿದ್ದ. ಗುಂಡಿ ಒತ್ತಿದ ಕೂಡಲೇ ಆ ವೈರಿನಲ್ಲಿ ಕರೆಂಟ್ ಇಲ್ಲ. ಕೌಂಟರ್ ಮುಚ್ಚಿತು, ಎಲ್ಲರೂ ಮನೆಗೆ ಹೋದರು ಎಂದು ವಾಚ್‌ಮನ್ ಸ್ವಲ್ಪ ಹೊತ್ತು ಕಾದು ತಾನೇ ಬೀಗ ಹಾಕಿಕೊಂಡ. ಆಮೇಲೆ ಮತ್ತೆ ಕರೆಂಟ್ ಬಂದರೆ? ಕಳ್ಳ! ಈ ವಾಚ್‌ಮನ್‌ಗೆ ಊಟ ನೇರವಾಗಿ ಬ್ಯಾಟರಿಯಿಂದ, ಹಾಗಾಗಿ ಕೀಲಿ ಕಿತ್ತರೂ ಕೂಗುತ್ತಾನೆ. ಯಜಮಾನ ಸೀಟಿನ ಮೇಲೆಯೇ ಕೂತಿದ್ದಾನೆ ಎಂದು ಅವನಿಗೆ ಗೊತ್ತಾಗುವುದು ಹೇಗೆ?

ಕೇಳಲು ಹೋದರೆ ಅಂಗಡಿಯವನು ಇವರ ಮೇಲೆಯೇ ತಿರುಗಿಬಿದ್ದನಂತೆ. ಸಿಗ್ನಲ್ಲಿನಲ್ಲಿ ಇಂಜಿನ್ ಆರಿಸುವ ಗಿರಾಕಿಯನ್ನು ಕೊಚ್ಚಿಯಲ್ಲಿ ಇದುವರೆಗೆ ಕಂಡಿಲ್ಲ ಎಂದನಂತೆ. ಬೈದುಕೊಂಡೇ ವೈರನ್ನು ಕೀಲಿಯ ಕಡೆಗೆ ಬದಲಿಸಿಕೊಟ್ಟ.

ವರದಿ ಮುಗಿಸಿ ಇವರು ಲೋಟ ಕೆಳಗಿಟ್ಟರು. ಆ ಪೊಲೀಸರು ನಿನ್ನ ಮಲಯಾಳಂ ಹೊಗಳಿದರು, ನಿನಗೆ ಮಾತಾಡಲು ಬರುತ್ತದಾ ಎಂದು ಇವರು ಆಶ್ಚರ್ಯಪಟ್ಟರು. ನೀನು ಯಾವತ್ತೂ ಸುಮ್ಮನೇ ಇರುತ್ತಿದ್ದೆ, ಹಾಗಾಗಿ ಬರುವುದಿಲ್ಲ ಅಂದುಕೊಂಡಿದ್ದೆ ಎಂದರು. ಪಾಪ, ನಿಜವಾಗಿಯೂ ಹಾಗೇ ಅಂದುಕೊಂಡಿದ್ದರು.

ನಾನು ಖಾಲಿ ಲೋಟ ಎತ್ತಿಕೊಂಡೆ. ಬೈಕಿನ ವೈರನ್ನೇನೋ ಅಂಗಡಿಯವನು ಬದಲಿಸಿದ. ಸುಮ್ಮನೆ ಕೂತವರೆಲ್ಲ ಎದ್ದು ಹೋದವರಲ್ಲ ಎಂದು ಇವರಿಗೆ ತಿಳಿಯಲು ಯಾವ ವೈರ್ ಬದಲಿಸಬೇಕು, ಹೇಳಿ?